ಫೋನ್ ಬಾರದ ದಿನಕ್ಕೂ ಒಂದು ಅರ್ಥ ಗೊತ್ತಿರಲಿ

ಚಿಕ್ಕಮ್ಮ, ನಮಸ್ಕಾರ. ಗುಂಪಿನಲ್ಲಿರುವ ಹಿರಿಯರೆಲ್ಲರಿಗೂ ನಮಸ್ಕಾರ. ನಿನ್ನೆ ನೀವು ಕಳುಹಿಸಿದ ಧ್ವನಿ ಸಂದೇಶವನ್ನು ಪೂರ್ತಿಯಾಗಿ ಕೇಳಿದೆ. ನಾಗೋಯಾದಲ್ಲಿ ಏಪ್ರಿಲ್‌ನಿಂದ ಕೆಲಸಕ್ಕೆ ಸೇರಿರುವ ತಂಗಿ ಮೊದಲಿನ ಹಾಗೆ ದಿನವೂ ಮಾತಾಡುತ್ತಿಲ್ಲ, ಊಟ ಮುಗಿಸಿ ಒಂಬತ್ತು ಗಂಟೆಗೆ ನೀವು ಕರೆ ಮಾಡಿದರೆ ಎತ್ತುವುದಿಲ್ಲ, ಮೊನ್ನೆ ಟಿವಿಯಲ್ಲಿ ಜಪಾನಿನ ಭೂಕಂಪದ ಸುದ್ದಿ ನೋಡಿದ ರಾತ್ರಿ ಬೆಳಗಿನ ಜಾವದವರೆಗೂ ನಿಮಗೆ ನಿದ್ದೆ ಹತ್ತಲಿಲ್ಲ ಎಂದಿರಿ. ಇಷ್ಟು ವರ್ಷದಿಂದ ಟೋಕಿಯೋದಲ್ಲಿರುವ ನಾನು ಮನೆಯವರ ಜೊತೆ ಸಂಪರ್ಕವನ್ನು ಹೇಗೆ ಉಳಿಸಿಕೊಂಡಿದ್ದೇನೆ ಎಂದೂ ಕೇಳಿದಿರಿ. ಇದು ಅವಸರದಲ್ಲಿ ನಾಲ್ಕು ಮಾತಾಡಿ ಮುಗಿಸುವ ವಿಷಯವಲ್ಲವಾದ್ದರಿಂದ ಸ್ವಲ್ಪ ದೀರ್ಘವಾಗಿಯೇ ಹೇಳುತ್ತೇನೆ. ಬಿಡುವಾದಾಗ ಕೇಳಿ.

ಮೊದಲು ಗಡಿಯಾರದ ವಿಷಯ. ಜಪಾನ್ ನಮ್ಮೂರಿಗಿಂತ ಮೂರೂವರೆ ಗಂಟೆ ಮುಂದಿದೆ. ಅಮೆರಿಕದಲ್ಲಿರುವ ಅಣ್ಣನ ಹಾಗೆ ಬೇಸಿಗೆಗೊಂದು, ಚಳಿಗಾಲಕ್ಕೊಂದು ಲೆಕ್ಕ ಇಲ್ಲಿಲ್ಲ. ವರ್ಷವಿಡೀ ಅದೇ ಮೂರೂವರೆ ಗಂಟೆ. ನೀವು ರಾತ್ರಿ ಒಂಬತ್ತಕ್ಕೆ ಕರೆ ಮಾಡುವಾಗ ನಾಗೋಯಾದಲ್ಲಿ ಹನ್ನೆರಡೂವರೆಯಾಗಿರುತ್ತದೆ, ಮರುದಿನ ಬೇಗ ಏಳಬೇಕಾದ ಹುಡುಗಿ ಅಷ್ಟು ಹೊತ್ತಿಗೆ ಮಲಗಿರುತ್ತಾಳೆ. ನಿಮ್ಮ ಸಂಜೆ ಐದೂವರೆ, ಅಂದರೆ ಇಲ್ಲಿನ ರಾತ್ರಿ ಒಂಬತ್ತು, ಎರಡೂ ಕಡೆಯವರಿಗೆ ಅನುಕೂಲವಾದ ಹೊತ್ತು. ಭಾನುವಾರವಾದರೆ ನಿಮ್ಮ ಬೆಳಗಿನ ಕಾಫಿಯ ಸಮಯವೂ ಆಗುತ್ತದೆ.

ಇನ್ನೊಂದು ಮಾತು ನಿಮಗೆ ಗೊತ್ತಿರಬೇಕು. ಇಲ್ಲಿ ರೈಲಿನಲ್ಲಿ ಯಾರೂ ಫೋನಿನಲ್ಲಿ ಮಾತಾಡುವುದಿಲ್ಲ. ಫೋನಿನ ಸದ್ದು ನಿಲ್ಲಿಸಿ, ಕರೆಗಳನ್ನು ತಪ್ಪಿಸಿ ಎಂದು ರೈಲಿನಲ್ಲಿ ಘೋಷಣೆಯನ್ನೇ ಮಾಡುತ್ತಾರೆ. ಕೆಲಸ ಮುಗಿಸಿ ಬರುವ ದಾರಿಯಲ್ಲಿ ಅವಳು ನಿಮ್ಮ ಕರೆಯನ್ನು ಕತ್ತರಿಸಿದರೆ ಅದು ಉದಾಸೀನವಲ್ಲ, ಸುತ್ತ ನಿಂತಿರುವವರಿಗೆ ತೋರಿಸುವ ಮರ್ಯಾದೆ. ಸಣ್ಣ ಅಪಾರ್ಟ್‌ಮೆಂಟುಗಳ ಗೋಡೆಗಳು ತೆಳುವಾಗಿರುವುದರಿಂದ ರಾತ್ರಿ ಹತ್ತರ ಮೇಲೆ ದನಿ ಎತ್ತಿ ಮಾತಾಡಲೂ ಹಿಂಜರಿಕೆಯಾಗುತ್ತದೆ. ಅವಳು ಪಿಸುದನಿಯಲ್ಲಿ ಮಾತಾಡಿದಾಗ ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂದು ನೀವು ಕಳವಳಪಡುವುದು ಬೇಡ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ದೂರದಲ್ಲಿರುವ ಮಕ್ಕಳ ಬಗ್ಗೆ ನಮ್ಮನ್ನು ಸುಡುವುದು ಅವರ ಫೋನ್ ಬಾರದಿರುವುದಕ್ಕಿಂತ, ಯಾಕೆ ಬಂದಿಲ್ಲ ಎಂದು ತಿಳಿಯದಿರುವುದು. ಹಾಗಾಗಿ ಫೋನ್ ಬಾರದ ದಿನಕ್ಕೆ ಏನು ಅರ್ಥ ಎಂಬುದನ್ನು ಇಬ್ಬರೂ ಕುಳಿತು ಮೊದಲೇ ಮಾತಾಡಿ ಗೊತ್ತುಮಾಡಿಕೊಳ್ಳಬೇಕು. ನಾನು ಮತ್ತು ಅಮ್ಮ ಮಾಡಿಕೊಂಡಿರುವ ಏರ್ಪಾಡು ಇದು: ವಾರದಲ್ಲಿ ಎರಡು ದಿನ ನಿಗದಿತ ಹೊತ್ತಿಗೆ ನೋಡಿಕೊಂಡು ಮಾತಾಡುತ್ತೇವೆ, ಉಳಿದ ದಿನ ನಾನು ಮನೆ ಸೇರಿದ ಮೇಲೆ ಒಂದೇ ಒಂದು ಸಾಲು, ಅದಕ್ಕೂ ಆಗದಿದ್ದರೆ ಒಂದು ಚಿತ್ರ ಕಳುಹಿಸುತ್ತೇನೆ, ಅದಕ್ಕೆ ಉತ್ತರ ಬರಲೇಬೇಕೆಂದು ನಾನೂ ಕಾಯುವುದಿಲ್ಲ, ಮುಂದಿನ ಪ್ರಶ್ನೆಯನ್ನು ಅಮ್ಮನೂ ಕೇಳುವುದಿಲ್ಲ. ಒಂದು ದಿನ ಆ ಸಾಲು ಬಾರದಿದ್ದರೆ ಆಯಾಸ ಎಂದು ತಿಳಿದುಕೊಳ್ಳಬೇಕು. ಎರಡನೆಯ ದಿನವೂ ಬಾರದಿದ್ದರೆ ಅಮ್ಮ ಸಂಕೋಚವಿಲ್ಲದೆ ನನ್ನ ಪಕ್ಕದ ಕಟ್ಟಡದಲ್ಲಿರುವ ಗೆಳತಿಗೆ ಕರೆ ಮಾಡಬಹುದು. ಇಷ್ಟನ್ನು ಒಪ್ಪಿಕೊಂಡ ಮೇಲೆ ನಮ್ಮಿಬ್ಬರ ನಡುವಿನ ಅರ್ಧ ಜಗಳ ತಾನಾಗಿಯೇ ನಿಂತಿತು.

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲ ವರ್ಷ ನಿಜಕ್ಕೂ ಕಷ್ಟದ್ದು, ಚಿಕ್ಕಮ್ಮ. ಬೆಳಗಿನಿಂದ ಸಂಜೆಯವರೆಗೆ ಜಪಾನಿ ಭಾಷೆಯಲ್ಲಿ ಕೇಳಿ, ಉತ್ತರಿಸಿ, ವರದಿ ಬರೆದು ಬಂದವಳಿಗೆ ಕನ್ನಡದಲ್ಲಿ ಮಾತಾಡಲೂ ತ್ರಾಣ ಉಳಿದಿರುವುದಿಲ್ಲ. ಅಂಥ ದಿನ "ಊಟ ಆಯ್ತಾ, ಏನು ಮಾಡಿಕೊಂಡೆ, ಯಾಕೆ ಸಪ್ಪಗಿದ್ದೀಯ" ಎಂಬ ಪ್ರಶ್ನೆಗಳ ಬದಲು ನಿಮ್ಮ ಮನೆಯ ಸುದ್ದಿ ಹೇಳಿ. ಅಡಕೆ ಕೊಯ್ಲಿಗೆ ಆಳು ಸಿಕ್ಕರೇ, ಕರು ಎದ್ದು ನಿಂತಿತೇ, ಪಕ್ಕದ ಮನೆಯ ಮದುವೆಯಲ್ಲಿ ಹೋಳಿಗೆ ಹೇಗಿತ್ತು, ಇವೆಲ್ಲ ಅವಳಿಗೆ ಬೇಕು. ನಾನು ಎಷ್ಟೋ ಸಂಜೆ ಫೋನನ್ನು ಅಕ್ಕಿಡಬ್ಬಿಗೆ ಒರಗಿಸಿಟ್ಟು ತರಕಾರಿ ಹೆಚ್ಚುತ್ತೇನೆ, ಅಲ್ಲಿ ಅಮ್ಮ ಮೊರದಲ್ಲಿ ಅವರೆಕಾಯಿ ಸುಲಿಯುತ್ತಾಳೆ. ಕಾಳು ಪಾತ್ರೆಗೆ ಬೀಳುವ ಸದ್ದು, ನಡುವೆ ಕುಕ್ಕರಿನ ಸೀಟಿ, ಅಪ್ಪ ಹಿಂದಿನಿಂದ ಏನೋ ಕೇಳುವುದು. ಅರ್ಧ ಗಂಟೆಯಲ್ಲಿ ನಾವಾಡುವ ಮಾತು ಹತ್ತು ಸಾಲಿನಷ್ಟೂ ಇರುವುದಿಲ್ಲ. ನನ್ನ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಕರೆ ಇನ್ನೊಂದಿಲ್ಲ.

ಭೂಕಂಪದ ಬಗ್ಗೆ ನಿಮಗಿರುವ ಭಯವನ್ನು ಹಗುರವಾಗಿ ತೆಗೆದುಕೊಳ್ಳುವವಳು ನಾನಲ್ಲ. ಆದರೆ ನಮ್ಮ ಟಿವಿ ಹೇಳುವ ಅಂಕಿಯನ್ನು ಹೇಗೆ ಓದಬೇಕು ಎಂದು ತಿಳಿದುಕೊಂಡರೆ ಭಯ ಅರ್ಧಕ್ಕಿಳಿಯುತ್ತದೆ. ಟಿವಿಯಲ್ಲಿ ಬರುವುದು ಮ್ಯಾಗ್ನಿಟ್ಯೂಡ್, ಅಂದರೆ ಭೂಮಿಯೊಳಗೆ ಬಿಡುಗಡೆಯಾದ ಶಕ್ತಿಯ ಅಳತೆ. ಒಂದು ಭೂಕಂಪಕ್ಕೆ ಒಂದೇ ಅಂಕಿ. ಜಪಾನಿನವರು ಅದರ ಜೊತೆಗೆ ಶಿಂದೋ ಎಂಬ ಇನ್ನೊಂದು ಅಳತೆಯನ್ನು ಬಳಸುತ್ತಾರೆ. ಯಾವ ಊರಿನಲ್ಲಿ ನೆಲ ಎಷ್ಟು ಅಲುಗಿತು ಎಂಬುದನ್ನು ಅದು 0ಯಿಂದ 7ರವರೆಗೆ ಊರೂರಿಗೆ ಬೇರೆಬೇರೆಯಾಗಿ ಹೇಳುತ್ತದೆ. 2024ರ ಜನವರಿ 1ರಂದು ನೋಟೋ ಪರ್ಯಾಯದ್ವೀಪದಲ್ಲಿ 7.6 ಮ್ಯಾಗ್ನಿಟ್ಯೂಡಿನ ಭೂಕಂಪವಾದಾಗ ಅಲ್ಲಿನ ಕೆಲವು ಊರುಗಳಲ್ಲಿ ಶಿಂದೋ 7 ದಾಖಲಾಯಿತು, ಮನೆಗಳು ಉರುಳಿದವು, ಬಹಳ ಜನ ಜೀವ ಕಳೆದುಕೊಂಡರು. ಸುಮಾರು 300 ಕಿಲೋಮೀಟರ್ ದೂರದ ಟೋಕಿಯೋದಲ್ಲಿ ನಮಗೆ ಅನುಭವಕ್ಕೆ ಬಂದದ್ದು ದೀಪ ತೂಗಾಡುವಷ್ಟು ನಡುಕ. ಆ ದಿನ ಊರಿನಿಂದ ಬಂದ ಎಲ್ಲ ಕರೆಗಳೂ 7.6 ಎಂಬ ಅಂಕಿ ಹಿಡಿದೇ ಬಂದವು. ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆಯ ಎನ್‌ಎಚ್‌ಕೆ ವರ್ಲ್ಡ್ ಆ್ಯಪ್ ಅನ್ನು ನಿಮ್ಮ ಫೋನಿಗೆ ಹಾಕಿಸಿಕೊಳ್ಳಿ. ಎಲ್ಲಿ, ಎಷ್ಟು, ಸುನಾಮಿ ಎಚ್ಚರಿಕೆ ಇದೆಯೋ ಇಲ್ಲವೋ ಎಂಬುದು ಅದರಲ್ಲಿ ಇಂಗ್ಲಿಷಿನಲ್ಲಿ ಬೇಗನೆ ಬರುತ್ತದೆ. ಭೂಪಟದಲ್ಲಿ ನಾಗೋಯಾ ಎಲ್ಲಿದೆ ಎಂದು ಒಮ್ಮೆ ನೋಡಿಟ್ಟುಕೊಳ್ಳಿ.

ದೊಡ್ಡ ಭೂಕಂಪವಾದಾಗ ಎಲ್ಲರೂ ಒಟ್ಟಿಗೆ ಕರೆ ಮಾಡುವುದರಿಂದ ಫೋನ್ ಮಾರ್ಗಗಳು ಕಿಕ್ಕಿರಿಯುತ್ತವೆ, ಕಂಪನಿಗಳೇ ಧ್ವನಿ ಕರೆಗಳನ್ನು ನಿರ್ಬಂಧಿಸುತ್ತವೆ. 2011ರ ಮಾರ್ಚ್ 11ರ ಮಹಾ ಭೂಕಂಪದ ದಿನ ಹಾಗೆಯೇ ಆಯಿತು; ಕರೆ ಹೋಗದ ಕಡೆಯೂ ಇಂಟರ್‌ನೆಟ್ ಮೂಲಕದ ಸಂದೇಶಗಳು ಎಷ್ಟೋ ಮಟ್ಟಿಗೆ ತಲುಪುತ್ತಿದ್ದವು. ಇಲ್ಲಿ ಈಗ ಮನೆಮನೆಯಲ್ಲಿರುವ, ವಾಟ್ಸ್‌ಆ್ಯಪ್‌ನಂಥದ್ದೇ ಆದ ಲೈನ್ ಎಂಬ ಆ್ಯಪ್ ಅದೇ ವರ್ಷದ ಜೂನ್‌ನಲ್ಲಿ ಬಂತು. ಆದ್ದರಿಂದ ಅಂಥ ಹೊತ್ತಿನಲ್ಲಿ ಮತ್ತೆ ಮತ್ತೆ ಕರೆ ಮಾಡಬೇಡಿ. ಒಂದು ಸಂದೇಶ ಹಾಕಿ ಕಾಯಿರಿ, "ಕ್ಷೇಮ" ಎಂಬ ಒಂದು ಪದವನ್ನು ಈ ಗುಂಪಿನಲ್ಲಿ ಹಾಕುವುದು ತಂಗಿಯ ಕೆಲಸ. ವಾಟ್ಸ್‌ಆ್ಯಪ್ ಜೊತೆಗೆ ಲೈನ್ ಕೂಡ ನಿಮ್ಮ ಮನೆಯಲ್ಲಿ ಯಾರಾದರೊಬ್ಬರ ಫೋನಿನಲ್ಲಿರಲಿ, ಒಂದು ದಾರಿ ಕಟ್ಟಿದರೆ ಇನ್ನೊಂದಿರುತ್ತದೆ. ಇಲ್ಲಿ 171 ಎಂಬ ವಿಪತ್ತಿನ ಸಂದೇಶ ಸೇವೆಯಿದೆ: ಆ ಸಂಖ್ಯೆಗೆ ಕರೆ ಮಾಡಿ 1 ಒತ್ತಿದರೆ ಮೂವತ್ತು ಸೆಕೆಂಡಿನ ಸಂದೇಶವನ್ನು ಧ್ವನಿಮುದ್ರಿಸಬಹುದು, 2 ಒತ್ತಿದರೆ ಮತ್ತೊಬ್ಬರು ಬಿಟ್ಟ ಸಂದೇಶವನ್ನು ಕೇಳಬಹುದು. ಅದರ ವೆಬ್ ರೂಪ ವೆಬ್171 ಅನ್ನು ವಿದೇಶದಿಂದಲೂ ನೋಡಬಹುದು. ಪ್ರತಿ ತಿಂಗಳ 1 ಮತ್ತು 15ರಂದು ಅದನ್ನು ಅಭ್ಯಾಸಕ್ಕಾಗಿ ತೆರೆದಿಡುತ್ತಾರೆ. ಟೋಕಿಯೋದ ಭಾರತೀಯ ರಾಯಭಾರ ಕಚೇರಿ ನೋಟೋ ಭೂಕಂಪದ ಸಮಯದಲ್ಲಿ ತುರ್ತು ದೂರವಾಣಿ ಸಂಖ್ಯೆಗಳನ್ನು ಪ್ರಕಟಿಸಿತ್ತು, ಅಂಥದ್ದು ಬಂದರೆ ನಾನೇ ಗುಂಪಿಗೆ ಹಾಕುತ್ತೇನೆ. ಅವಳ ವಿಳಾಸ ಜಪಾನಿ ಲಿಪಿಯಲ್ಲಿ, ಕಚೇರಿಯ ದೂರವಾಣಿ, ಹತ್ತಿರದ ಒಬ್ಬ ಸ್ನೇಹಿತೆಯ ಸಂಖ್ಯೆ, ಈ ಮೂರನ್ನು ಒಂದು ಹಾಳೆಯಲ್ಲಿ ಬರೆಸಿಕೊಂಡು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಆಷಾಢದ ಮಳೆಯಲ್ಲಿ ನಿಮ್ಮ ಸಾಗರ ತಾಲೂಕಿನ ಕಡೆ ಕರೆಂಟು ಹೋಗಿ, ಅದರ ಹಿಂದೆಯೇ ಟವರೂ ಸತ್ತು, ನಿಮ್ಮ ಮನೆ ದಿನಗಟ್ಟಲೆ ಸಿಗದೆ ಹೋದಾಗ ಇಲ್ಲಿ ಕುಳಿತ ಮಕ್ಕಳಿಗೂ ಅದೇ ಸಂಕಟ. ಪೇಟೆಗೆ ಹೋದವರು ಯಾರಾದರೂ "ಎಲ್ಲರೂ ಆರಾಮ, ಕರೆಂಟು ಹೋಗಿದೆ" ಎಂದು ಒಂದು ಸಾಲು ಹಾಕುವ ಜವಾಬ್ದಾರಿ ಹೊತ್ತುಕೊಳ್ಳಿ. ಅಪ್ಪನಿಗೆ ಜ್ವರ ಬಂದದ್ದನ್ನು, ಅಜ್ಜಿ ಜಾರಿ ಬಿದ್ದದ್ದನ್ನು "ಅವಳಿಗೆ ಸುಮ್ಮನೆ ಚಿಂತೆ ಯಾಕೆ" ಎಂದು ಮುಚ್ಚಿಡಬೇಡಿ. ಒಮ್ಮೆ ಮುಚ್ಚಿಟ್ಟದ್ದು ಗೊತ್ತಾದರೆ ಆಮೇಲೆ "ಎಲ್ಲ ಚೆನ್ನಾಗಿದ್ದೇವೆ" ಎಂಬ ಮಾತನ್ನು ಅವಳು ನಂಬಲಾರಳು. ಇದನ್ನು ನಾನು ಬಹಳ ಕಳಕಳಿಯಿಂದ ಕೇಳಿಕೊಳ್ಳುತ್ತಿದ್ದೇನೆ.

ಅಜ್ಜಿಯ ವಿಷಯ ಬಂತಲ್ಲ. ಕಿವಿ ಮಂದವಾದವರಿಗೆ ವಿಡಿಯೋ ಕರೆಯಲ್ಲಿ ಮಾತು ಹಿಡಿಯುವುದು ಕಷ್ಟ, ಪರದೆ ನೋಡಿ ನಕ್ಕು ಸುಮ್ಮನಾಗುತ್ತಾರೆ. ಅವರಿಗಾಗಿ ನಿಧಾನವಾಗಿ ಮಾತಾಡಿದ ಧ್ವನಿ ಸಂದೇಶ ಕಳುಹಿಸಲು ತಂಗಿಗೆ ಹೇಳಿ, ಬೇಕೆನಿಸಿದಾಗ ಮತ್ತೆ ಹಾಕಿಸಿಕೊಂಡು ಕೇಳಬಹುದು. ಪೋಸ್ಟ್‌ಕಾರ್ಡ್ ಕೂಡ ಬಹಳ ಒಳ್ಳೆಯದು. ಜಪಾನಿನಿಂದ ಯಾವ ದೇಶಕ್ಕಾದರೂ ವಿಮಾನ ಅಂಚೆಯ ಕಾರ್ಡಿಗೆ 100 ಯೆನ್ ಸಾಕು. ಅಜ್ಜಿಗೆ ಬಂದ ಕಾರ್ಡುಗಳು ದೇವರ ಮನೆಯ ಗೂಡಿನಲ್ಲಿ ಪಂಚಾಂಗದ ಜೊತೆ ಇರುವುದನ್ನು ನೀವೂ ನೋಡಿದ್ದೀರಿ.

ತಿಂಡಿ ಕಳುಹಿಸುವ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೇಳೆ, ಹಿಟ್ಟು, ಸಾಂಬಾರ ಪದಾರ್ಥ ಇಲ್ಲಿನ ಭಾರತೀಯ ಅಂಗಡಿಗಳಲ್ಲಿ ಸಿಗುತ್ತವೆ. 2023ರ ಆಗಸ್ಟ್‌ನಿಂದ ಸಸ್ಯ ತಪಾಸಣೆಯ ನಿಯಮ ಬಿಗಿಯಾಗಿದ್ದು, ಹಸಿ ಕರಿಬೇವು, ಹಣ್ಣು, ಬಿತ್ತನೆ ಬೀಜ ಮುಂತಾದವನ್ನು ಪ್ರಮಾಣಪತ್ರವಿಲ್ಲದೆ ಒಳಗೆ ಬಿಡುವುದಿಲ್ಲ. ಬರುವವರ ಪೆಟ್ಟಿಗೆಯಲ್ಲಿ ಅವನ್ನು ಹಾಕಬೇಡಿ.

ಅದಕ್ಕಿಂತ ನೀವೇ ಒಮ್ಮೆ ಬನ್ನಿ. ತಂದೆತಾಯಿ ಮಕ್ಕಳನ್ನು ನೋಡಲು 90 ದಿನಗಳವರೆಗಿನ ಅಲ್ಪಾವಧಿ ವೀಸಾ ಪಡೆಯಬಹುದು. ಅದಕ್ಕೆ ತಂಗಿ ಆಹ್ವಾನ ಪತ್ರ ಮತ್ತು ಖಾತರಿ ಪತ್ರ ಬರೆದು, ತನ್ನ ಆದಾಯದ ದಾಖಲೆಗಳೊಂದಿಗೆ ಕಳುಹಿಸಬೇಕು. ಬೆಂಗಳೂರಿನಿಂದ ಟೋಕಿಯೋ ಬಳಿಯ ನರಿತಾ ವಿಮಾನ ನಿಲ್ದಾಣಕ್ಕೆ ನೇರ ವಿಮಾನವಿದೆ, ಟೋಕಿಯೋದಿಂದ ನಾಗೋಯಾಗೆ ಶಿಂಕಾನ್ಸೆನ್ ಎಂಬ ಅತಿವೇಗದ ರೈಲಿನಲ್ಲಿ ಒಂದು ಗಂಟೆ ನಲವತ್ತು ನಿಮಿಷದ ಹಾದಿ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗಿನ ರಜೆಯಲ್ಲಿ ಜನಜಂಗುಳಿ, ಆಗಸ್ಟ್‌ನಲ್ಲಿ ಸೆಕೆ ತಡೆಯಲಾಗದು. ನವೆಂಬರ್ ನಿಮಗೆ ಹಿತವಾಗುತ್ತದೆ. ಅವಳು ಎಲ್ಲಿ ಮಲಗುತ್ತಾಳೆ, ಯಾವ ಅಂಗಡಿಯಲ್ಲಿ ಹಾಲು ತರುತ್ತಾಳೆ, ಯಾವ ನಿಲ್ದಾಣದಲ್ಲಿ ಇಳಿಯುತ್ತಾಳೆ ಎಂದು ಕಣ್ಣಾರೆ ಕಂಡ ಮೇಲೆ "ಈಗ ಮನೆಗೆ ಬಂದೆ" ಎಂಬ ಒಂದು ಸಾಲಿನಲ್ಲಿ ನಿಮಗೆ ಆ ದಾರಿಯೆಲ್ಲ ಕಾಣುತ್ತದೆ. ನನ್ನ ಅಮ್ಮ ಬಂದು ಹೋದ ಮೇಲೆ ಕೇಳುವ ಪ್ರಶ್ನೆಗಳೇ ಬೇರೆಯಾದವು.

ಈ ಭಾನುವಾರ ನಿಮ್ಮ ಬೆಳಿಗ್ಗೆ ಎಂಟಕ್ಕೆ, ಇಲ್ಲಿನ ಹನ್ನೊಂದೂವರೆಗೆ, ನೀವು, ಚಿಕ್ಕಪ್ಪ, ತಂಗಿ ಮತ್ತು ನಾನು ಒಟ್ಟಿಗೆ ಕರೆಯಲ್ಲಿ ಕುಳಿತುಕೊಳ್ಳೋಣ. ಯಾವ ದಿನ ಮಾತು, ಯಾವ ದಿನ ಒಂದು ಸಾಲು, ಎಷ್ಟು ಹೊತ್ತು ಕಾದ ಮೇಲೆ ಯಾರಿಗೆ ಕರೆ ಮಾಡಬೇಕು ಎಂಬುದನ್ನು ಅವಳ ಬಾಯಿಂದಲೇ ಕೇಳಿ ಬರೆದುಕೊಳ್ಳೋಣ. ಬರುವ ತಿಂಗಳ 1ರಂದು 171ರ ಅಭ್ಯಾಸವನ್ನು ನಾನೇ ಅವಳಿಂದ ಮಾಡಿಸುತ್ತೇನೆ. ಭಾನುವಾರದ ಆ ಹೊತ್ತು ನಿಮಗೆ ಅನುಕೂಲವೇ ಎಂದು ದಯವಿಟ್ಟು ತಿಳಿಸಿ, ಚಿಕ್ಕಮ್ಮ.