ನಾರ್ನಿಯಾ: ಮೊದಲು ಯಾವ ಪುಸ್ತಕ? ಓದಿಸಿದವರು ಅನುಭವ ಹೇಳಿ

ಮಗಳಿಗೆ ಎಂಟು ವರ್ಷ. ನಾರ್ನಿಯಾ ಅನ್ನೋ ಮಾಯಾಲೋಕದ ಬಗ್ಗೆ ಸಿ. ಎಸ್. ಲೂಯಿಸ್ ಇಂಗ್ಲಿಷಿನಲ್ಲಿ ಬರೆದ ಏಳೂ ಮಕ್ಕಳ ಪುಸ್ತಕ ತಂದಿದ್ದೇನೆ. ಸೆಟ್ಟಿನಲ್ಲಿ ಒಂದನೇ ನಂಬರು 'ದಿ ಮೆಜಿಶಿಯನ್ಸ್ ನೆಫ್ಯೂ'. ಅದರಿಂದಲೇ ಶುರು ಮಾಡಲಾ?

ಮೈಸೂರಿನ ಅಮ್ಮ:
ಬೇಡ! ಆ ನಂಬರು ನಂಬಿ ನಾನು ಕೆಟ್ಟೆ. ಆ ಪುಸ್ತಕದಲ್ಲಿ ಲಂಡನ್ನಿನ ದೀಪದ ಕಂಬದಿಂದ ಮುರಿದ ಕಬ್ಬಿಣದ ತುಂಡು ನಾರ್ನಿಯಾದ ಹೊಸ ಮಣ್ಣಿಗೆ ಬಿದ್ದು ಗಿಡದ ಹಾಗೆ ಬೆಳೆಯುತ್ತದಲ್ಲ, ಅದನ್ನು ಮಗ ಮೊದಲೇ ಕೇಳಿಬಿಟ್ಟ. ಆಮೇಲೆ 'ದಿ ಲಯನ್, ದಿ ವಿಚ್ ಅಂಡ್ ದಿ ವಾರ್ಡ್‌ರೋಬ್' ಓದಿದೆ. ಅದರಲ್ಲಿ ಲೂಸಿ ಅನ್ನೋ ಹುಡುಗಿ ಬಟ್ಟೆ ಬೀರು ಹೊಕ್ಕು, ತುಪ್ಪಳದ ಕೋಟುಗಳನ್ನು ಸರಿಸಿ, ಹಿಮದಲ್ಲಿ ಒಂಟಿ ದೀಪ ಕಂಡಳು. "ಗೊತ್ತಮ್ಮ, ಅದು ಆ ತುಂಡೇ" ಅಂದವನು ಮಗ್ಗುಲು ಬದಲಿಸಿ ಮಲಗಿದ. ಆ ಪುಟ ಅವನಿಗೆ ಓದಿ ಹೇಳಬೇಕು ಅಂತ ನಾನು ವರ್ಷಗಟ್ಟಲೆ ಕಾದಿದ್ದೆ. 1950ರಲ್ಲಿ ಮೊದಲು ಬಂದದ್ದು ಬೀರುವಿನ ಕಥೆ. ನಿಮ್ಮ ಒಂದನೇ ನಂಬರು 1955ರದ್ದು, ಬಂದ ಲೆಕ್ಕದಲ್ಲಿ ಆರನೆಯದು.

ಹುಬ್ಬಳ್ಳಿಯಿಂದ:
ಅಕ್ಕಾರ, ಬರದವರ ಮಾತರ ಕೇಳ್ರಿ. ಕಥಿ ನಡದ ಕಾಲಕ್ರಮದಾಗ ಓದಬೇಕು ಅಂತ ಒಬ್ಬ ಅಮೆರಿಕದ ಹುಡುಗ, ಪುಸ್ತಕ ಬಂದ ಕ್ರಮದಾಗ ಅಂತ ಅವನ ಅವ್ವ. ಹುಡುಗಂದ ಹೆಚ್ಚು ಒಪ್ಪಿಗಿ ಅಂತ 1957ರಾಗ ಲೂಯಿಸ್ ಪತ್ರ ಬರದಾರ. ಆ ಒಂದನೇ ನಂಬರಿನಾಗ ಸಿಂಹ ಹಾಡಿ ಹಾಡಿ ಲೋಕ ಹುಟ್ಟಸೋದನ್ನ ನಮ್ಮ ಇಬ್ಬರೂ ಹುಡುಗರು ಬಾಯಿ ತಕ್ಕೊಂಡು ಕೇಳಿದ್ರು.

ಮೈಸೂರಿನ ಅಮ್ಮ:
ಯಾವ ಕ್ರಮದಲ್ಲಿ ಓದಿದರೂ ಬಹುಶಃ ಅಷ್ಟೇನೂ ವ್ಯತ್ಯಾಸವಿಲ್ಲ ಅಂತಲೂ ಅದೇ ಪತ್ರದಲ್ಲಿದೆ. ಅರ್ಧ ಹೇಳಬೇಡಿ ಸರ್.

ಶಿವಮೊಗ್ಗದ ಅಪ್ಪ:
ನಾನು ಕನ್ನಡದಲ್ಲೇ ಕಥೆ ಮಾಡಿ ಹೇಳಿದೆ, ನಾಲ್ಕು ತಿಂಗಳು, ದಿನಾ ಊಟ ಆದಮೇಲೆ. ನಾರ್ನಿಯಾದಲ್ಲಿ ಲೂಸಿಗೆ ಮೊದಲು ಸಿಗುವ ಟಮ್ನಸ್‌ಗೆ ಸೊಂಟದಿಂದ ಕೆಳಗೆ ಮೇಕೆ ಕಾಲಲ್ಲವಾ, 'ಕಿನ್ನರ' ಅಂದೆ.

ಕನ್ನಡ ಮೇಷ್ಟ್ರು:
ತಪ್ಪು. ಅಮರಕೋಶದಲ್ಲಿ ಕಿನ್ನರನಿಗೆ 'ತುರಂಗವದನ' ಅಂತಲೇ ಹೆಸರಿದೆ, ಕುದುರೆ ಮುಖದವನು. ಮಕ್ಕಳಿಗೆ ಯಾಕೆ ತಪ್ಪು ಕಲಿಸುತ್ತೀರಿ?

ಮಂಗಳೂರಿನಿಂದ:
ಕ್ರಮ ಬಿಡಿ, ಕೊನೆಯ ಪುಸ್ತಕವನ್ನು ಮೊದಲು ನೀವೇ ಓದಿ. ರೈಲು ಅಪಘಾತದಲ್ಲಿ ಮನೆಯವರೆಲ್ಲ ಹೋಗುತ್ತಾರೆ, ಲೂಸಿಯ ಅಕ್ಕ ಸೂಸನ್ ಒಬ್ಬಳು ಬಿಟ್ಟು. ಅವಳಿಗೆ ಲಿಪ್‌ಸ್ಟಿಕ್ ಇಷ್ಟವಾಯಿತು ಅಂತ ನಾರ್ನಿಯಾದಿಂದ ಹೊರಗಿಡುವುದಾ? ನನ್ನ ಮಗಳು ಮೂರು ರಾತ್ರಿ ಅತ್ತಳು.

ಹುಬ್ಬಳ್ಳಿಯಿಂದ:
ಹೊರಗಿಟ್ಟಿಲ್ರಿ, ಆಕಿ ಬದುಕ್ಯಾಳ.

ಮಂಗಳೂರಿನಿಂದ:
ಅಣ್ಣ, ತಮ್ಮ, ತಂಗಿ, ಅಪ್ಪ, ಅಮ್ಮ ಯಾರೂ ಇಲ್ಲದೆ. "ಅವಳಿಗೆ ಊಟ ಯಾರು ಹಾಕ್ತಾರೆ?" ಅಂದಳು ಮಗಳು. ಹೇಳಿ, ಏನನ್ನಲಿ?

ಶಿವಮೊಗ್ಗದ ಅಪ್ಪ:
ಮೇಷ್ಟ್ರೇ, ಹಾಗಾದರೆ ಮೇಕೆ ಕಾಲಿನವನಿಗೆ ನಿಮ್ಮ ಪದ ಯಾವುದು? ನಮ್ಮ ಮನೆಯಲ್ಲಿ ಅವನು ಕಿನ್ನರನೇ.