ಕೊಲೆಗಾರನಿಗೂ ಘನತೆಯಾ?

ನಮ್ಮ ಮನೆಮಂದಿ ಗುಂಪು, ನಿನ್ನೆ ರಾತ್ರಿ.

ಚಿಕ್ಕಪ್ಪ: (ಫಾರ್ವರ್ಡ್) “ಮಾನವ ಹಕ್ಕುಗಳನ್ನು ಜಗತ್ತಿಗೆ ಕೊಟ್ಟಿದ್ದೇ ಕಥೋಲಿಕ ಧರ್ಮಸಭೆ! ಹೆಮ್ಮೆಯಿದ್ದರೆ ಹತ್ತು ಜನಕ್ಕೆ ಕಳಿಸಿ.”

ದೊಡ್ಡಮ್ಮ: 🙏🙏

ಅಕ್ಕ: ಚಿಕ್ಕಪ್ಪ, ಕಳಿಸುವ ಮುಂಚೆ ಓದಿದಿರಾ? ಫ್ರಾನ್ಸ್‌ನವರು ಹಕ್ಕುಗಳ ಘೋಷಣೆ ಮಾಡಿದ್ದನ್ನು 1791ರಲ್ಲಿ ಆರನೇ ಪಯಸ್ ಪೋಪ್ ಖಂಡಿಸಿದ್ದರು. 1864ರಲ್ಲಿ ಒಂಬತ್ತನೇ ಪಯಸ್ ತಪ್ಪು ವಿಚಾರಗಳ ಪಟ್ಟಿಯನ್ನೇ ಹೊರಡಿಸಿದರು. ತನಗೆ ಸರಿ ಕಂಡ ಧರ್ಮ ಪಾಲಿಸಬಹುದು ಅನ್ನುವುದೂ ಆ ಪಟ್ಟಿಯಲ್ಲಿತ್ತು.

ಚಿಕ್ಕಪ್ಪ: ಹಳೇ ಕತೆ ಯಾಕಮ್ಮ ಕೆದಕುತ್ತೀಯ? ಅಮೆರಿಕದ ಮೂಲನಿವಾಸಿಗಳನ್ನು ಗುಲಾಮರಾಗಿ ಮಾಡಬಾರದು ಅಂತ ಮೂರನೇ ಪೌಲ್ ಪೋಪ್ 1537ರಲ್ಲೇ ಹೇಳಿದ್ದರು. ಅದನ್ನು ಹೇಳಲ್ವಾ?

ಅಕ್ಕ: ಹೇಳುತ್ತೇನೆ. ಅದಕ್ಕೂ 85 ವರ್ಷ ಮುಂಚೆ ಐದನೇ ನಿಕೋಲಸ್ ಪೋಪ್, ಕ್ರೈಸ್ತರಲ್ಲದವರನ್ನು ಗುಲಾಮರಾಗಿ ಮಾಡಲು ಪೋರ್ಚುಗಲ್ ರಾಜನಿಗೆ ಅನುಮತಿ ಕೊಟ್ಟಿದ್ದನ್ನೂ ಹೇಳುತ್ತೇನೆ.

ಅಣ್ಣ: ಅರ್ಧ ಗಂಟೆ ಫೋನ್ ನೋಡಲಿಲ್ಲ, ಇಷ್ಟೊಂದು ಮೆಸೇಜಾ!

ಅಕ್ಕ: ಧರ್ಮಸಭೆ ಏನೂ ಮಾಡಲಿಲ್ಲ ಅಂತಲ್ಲ ಚಿಕ್ಕಪ್ಪ. ಕಲಿಯಿತು, ನಿಧಾನಕ್ಕೆ. 1963ರಲ್ಲಿ 23ನೇ ಜಾನ್ ಪೋಪ್ ಬರೆದ ‘ಪಾಚೆಮ್ ಇನ್ ತೆರ್ರಿಸ್’ ಪತ್ರ ನೋಡಿ. ಬದುಕುವ ಹಕ್ಕಿನ ಜೊತೆಗೇ ಅನ್ನ, ಬಟ್ಟೆ, ಸೂರು, ಔಷಧಿ, ವಿಶ್ರಾಂತಿ ಎಲ್ಲ ಇದೆ. ಎರಡು ವರ್ಷ ಕಳೆದು ವ್ಯಾಟಿಕನ್ ಮಹಾಸಭೆ, ಅಂದರೆ ಜಗತ್ತಿನ ಬಿಷಪ್‌ಗಳೆಲ್ಲ ಸೇರಿದ ಸಭೆ, ಧಾರ್ಮಿಕ ಸ್ವಾತಂತ್ರ್ಯವನ್ನು ಒಪ್ಪಿದಾಗ ಪರ 2308 ಮತ, ವಿರುದ್ಧ ಬರೀ 70. ಎರಡಕ್ಕೂ ಆಧಾರ ಒಂದೇ, ಪ್ರತಿ ಮನುಷ್ಯನಿಗೂ ಇರುವ ಘನತೆ.

ಚಿಕ್ಕಪ್ಪ: ಇರಲಿ. ಆದರೆ ಮಗುವನ್ನು ಕೊಂದವನಿಗೂ ಘನತೆ ಅಂದರೆ ನಾನು ಒಪ್ಪುವುದಿಲ್ಲ. ಅವನೇ ಕೈಯಾರೆ ಕಳೆದುಕೊಂಡ.

ಅಕ್ಕ: ವಿಷಯ ಇರುವುದೇ ಅಲ್ಲಿ. 2018ರಲ್ಲಿ ಫ್ರಾನ್ಸಿಸ್ ಪೋಪ್ ಧರ್ಮೋಪದೇಶದ, ಅಂದರೆ ಧರ್ಮಸಭೆಯ ಬೋಧನೆಗಳ ಪುಸ್ತಕದ, 2267ನೇ ಕಲಂ ತಿದ್ದಿದರು. ಎಂಥ ಘೋರ ಅಪರಾಧ ಮಾಡಿದರೂ ಘನತೆ ಹೋಗುವುದಿಲ್ಲ, ಮರಣದಂಡನೆ ಒಪ್ಪುವಂಥದ್ದಲ್ಲ ಅಂತ. ನಾವು ಸಂಪಾದಿಸಿದ್ದಾದರೆ ಕಳೆದುಕೊಳ್ಳಬಹುದಿತ್ತು. ಇದು ದೇವರು ತನ್ನ ರೂಪದಲ್ಲಿ ಮಾಡಿದಾಗಲೇ ಬಂದಿದ್ದು, ಅಲ್ವಾ?

ಚಿಕ್ಕಪ್ಪ: ಹಾಗಾದರೆ ಸತ್ತ ಮಗುವಿನ ಘನತೆ?

(ಸ್ವಲ್ಪ ಹೊತ್ತು ಸದ್ದಿಲ್ಲ. ಅಕ್ಕ ಟೈಪ್ ಮಾಡುವುದು, ನಿಲ್ಲಿಸುವುದು ಕಾಣುತ್ತಿತ್ತು. ನನಗೂ ಉತ್ತರ ಹೊಳೆದಿರಲಿಲ್ಲ.)

ಅಕ್ಕ: ಶಿಕ್ಷೆ ಬೇಡ ಅಂತ ಯಾರೂ ಹೇಳಿಲ್ಲ. ಒಳಗಿರಲಿ, ಹೊರಗಿನವರು ನಿಶ್ಚಿಂತೆಯಿಂದಿರಲಿ. ಆ ಮಗುವಿನ ಜೀವಕ್ಕೆ ಕೈ ಹಾಕಬಾರದಿತ್ತು ಅನ್ನುತ್ತೇವಲ್ಲ, ಅದೇ ಕಾರಣಕ್ಕೇ ಇವನ ಜೀವಕ್ಕೂ ಕೈ ಹಾಕಬಾರದು.

ಮಾವ: ನಾನು ಜೈಲಿನಲ್ಲಿರುವವರನ್ನು ನೋಡಲು ಹೋಗುತ್ತಿದ್ದೆ. ಅಲ್ಲೊಬ್ಬನನ್ನು ಎಲ್ಲರೂ ನಂಬರಿನಿಂದಲೇ ಕರೆಯುತ್ತಿದ್ದರು. ಒಂದು ದಿನ ಹೆಸರು ಹಿಡಿದು ಕರೆದೆ. ತಿರುಗಲಿಲ್ಲ. ಮೂರನೇ ಸಲಕ್ಕೆ ತಿರುಗಿ ನೋಡಿದ. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಎದ್ದು ನಿಂತ. ಮಾಡಿದ್ದು ಕೊಲೆಯೇ.

ಚಿಕ್ಕಪ್ಪ: ಭಾವ, ನೀವು ಜೈಲಿಗೆ ಹೋಗುತ್ತಿದ್ದಿರಾ? ಇಷ್ಟು ವರ್ಷ ಹೇಳಲೇ ಇಲ್ವಲ್ಲ.

ದೊಡ್ಡಮ್ಮ: ನಾನಾಗಲೇ ಹತ್ತು ಜನಕ್ಕೆ ಕಳಿಸಿಬಿಟ್ಟೆ. ಕಳಿಸಬಾರದಿತ್ತಾ?