ಝಡ್3 ಗೇರ್ ಲಿವರ್ ಕ್ಯಾರಿಯರ್‌ನ ಮುಂದಿನ ಕಿವಿ ಬಿರುಕು ಬಿಟ್ಟಿದೆ: ವೆಲ್ಡ್ ಮಾಡಿಸುವುದೋ, ಬದಲಿಸುವುದೋ?

ಹಳೇ_ರೋಡ್‌ಸ್ಟರ್

ಕಾರು 1998ರ ಬಿಎಂಡಬ್ಲ್ಯು ಝಡ್3, 1.9 ಇಂಜಿನ್, ಐದು ಗೇರಿನ ಮ್ಯಾನ್ಯುಯಲ್. ಗೇರ್ ಲಿವರ್ ಪೂರ್ತಿ ಸಡಿಲ. ಗೇರಿನಲ್ಲಿದ್ದಾಗಲೂ ನಾಬ್ ಹಿಡಿದು ಮೇಲಕ್ಕೆ ಎತ್ತಿದರೆ ಏಳುತ್ತದೆ, ಬಿಟ್ಟರೆ ಕೆಳಗೆ ಕೂರುತ್ತದೆ. ಎರಡರಿಂದ ಮೂರಕ್ಕೆ ಹಾಕುವಾಗ ಎಲ್ಲಿದೆ ಎಂದು ಹುಡುಕಬೇಕು. ಆಕ್ಸಿಲರೇಟರ್ ಒತ್ತಿದಾಗ ಲಿವರ್ ತಾನಾಗಿಯೇ ಒಂದಿಷ್ಟು ವಾಲುತ್ತದೆ, ಸೀಟುಗಳ ನಡುವಿನ ಉಬ್ಬಾದ ಟನಲ್ ಒಳಗಿಂದ ಟಕ್ ಎಂಬ ಸದ್ದು.

ಕೆಳಗಿಂದ ಟಾರ್ಚ್ ಹಾಕಿ ನೋಡಿದಾಗ ಕಂಡದ್ದು ಇಷ್ಟು: ಕ್ಯಾರಿಯರ್‌ನ (ಲಿವರ್ ಅನ್ನು ಹೊತ್ತು ಗೇರ್‌ಬಾಕ್ಸ್‌ನಿಂದ ಹಿಂದಕ್ಕೆ ಚಾಚಿದ ತೋಳು) ಬಾಲ ಕೂರುವ ಹಿಂದಿನ ರಬ್ಬರ್ ಬುಷ್ ಹರಿದಿದೆ, ಬಾಲ ಸುಮಾರು 10 ಮಿ.ಮೀ. ಮೇಲೆ ಕೆಳಗೆ ಆಡುತ್ತದೆ. ಗೇರ್‌ಬಾಕ್ಸ್ ಕಡೆ ಪಿನ್ ಹೋಗುವ ಅಲ್ಯೂಮಿನಿಯಂ ಕಿವಿಯೊಂದರಲ್ಲಿ ಬಿರುಕಿದೆ, ಕನ್ನಡಿ ಹಿಡಿದರೆ ಕಾಣುತ್ತದೆ. ಇನ್ನೂ ಪೂರ್ತಿ ಬಿಟ್ಟುಕೊಂಡಿಲ್ಲ.

ಕೇಳಬೇಕಾದದ್ದು: ಕಿವಿಯನ್ನು ವೆಲ್ಡ್ ಮಾಡಬಹುದೇ? ಲೋಹದ ಎಪಾಕ್ಸಿ ಹಚ್ಚಿ ಸದ್ಯಕ್ಕೆ ಓಡಿಸಬಹುದೇ? ಹಿಂದಿನ ಬುಷ್‌ಗೆ ರಬ್ಬರ್ ಬದಲು ಗಟ್ಟಿ ಪಾಲಿಯುರಿಥೇನ್ ಹಾಕಿದರೆ ಮತ್ತೆ ಹೀಗಾಗುವುದು ತಪ್ಪುತ್ತದೆಯೇ?

ಟಾರ್ಕ್‌ರೆಂಚ್

ಎಪಾಕ್ಸಿ ಬೇಡ, ಓಡಿಸುವುದೂ ಬೇಡ. ಕಿವಿಯ ಪಕ್ಕದಲ್ಲೇ ಪ್ರೊಪೆಲ್ಲರ್ ಶಾಫ್ಟ್‌ನ (ಗೇರ್‌ಬಾಕ್ಸ್‌ನಿಂದ ಹಿಂದಿನ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ದಂಡ) ರಬ್ಬರ್ ಕಪ್ಲಿಂಗ್ ಮತ್ತು ಅದರ ಬೋಲ್ಟ್ ತಲೆಗಳು ತಿರುಗುತ್ತಿರುತ್ತವೆ. ಕಿವಿ ಕಳಚಿದರೆ ಕ್ಯಾರಿಯರ್ ಅದರ ಮೇಲೇ ಬೀಳುತ್ತದೆ. ಆಗ ಗೇರ್ ಬೀಳದಿರುವುದು ಸಣ್ಣ ತೊಂದರೆ. ಕಪ್ಲಿಂಗ್ ಹರಿದರೆ ದೊಡ್ಡದು.

ಮೊದಲು ಈ ಕಿವಿ ಯಾಕೆ ಬಿರುಕು ಬಿಟ್ಟಿತು ಎಂದು ನೋಡಬೇಕು. ಇಲ್ಲದಿದ್ದರೆ ಹೊಸ ಕ್ಯಾರಿಯರ್ ಹಾಕಿದರೂ ಅದೇ ಗತಿ.

ಈ ಕಾರಿನಲ್ಲಿ ಲಿವರ್ ಗೇರ್‌ಬಾಕ್ಸ್ ಮೇಲೆ ನೇರವಾಗಿ ಕೂತಿಲ್ಲ. ಲಿವರ್‌ನ ಬಾಲ್ (ಅದು ತಿರುಗಲು ಇರುವ ಗುಂಡು) ಕ್ಯಾರಿಯರ್‌ನಲ್ಲಿದೆ, ಕೆಳಗಿನ ತುದಿ ಗೇರ್ ಬದಲಿಸುವ ಸೆಲೆಕ್ಟರ್ ರಾಡ್ ಎಳೆಯುತ್ತದೆ. ಲಿವರ್‌ನ ಅನುಪಾತ 4:1 ಎಂದಿಟ್ಟುಕೊಳ್ಳಿ. ನಾಬ್ ಮೇಲೆ 5 ಕೆ.ಜಿ. ಬಲ ಹಾಕಿದರೆ ರಾಡಿಗೆ 20 ಕೆ.ಜಿ., ಬಾಲ್ ಕೂತ ಜಾಗಕ್ಕೆ ಎರಡೂ ಸೇರಿ 25 ಕೆ.ಜಿ. ಹಿಂದಿನ ಬುಷ್ ಮೆತ್ತಗಿನ ರಬ್ಬರ್, ಅದು ಈ ಬಲವನ್ನು ಹೊರುವುದಿಲ್ಲ. ಅದರ ಕೆಲಸ ಬಾಲವನ್ನು ಎತ್ತಿ ಹಿಡಿಯುವುದು ಮಾತ್ರ. ಹಿಂದೆ ಮುಂದೆ ನೂಕುವ ಬಲವೆಲ್ಲ ಮುಂದಿನ ಪಿನ್‌ಗೆ, ಅಂದರೆ ಕಿವಿಗೆ ಹೋಗುತ್ತದೆ. ನೂಕು, ಎಳೆತ ತಡೆಯುವಷ್ಟು ದಪ್ಪ ಆ ಕಿವಿಗಿದೆ. ಬಾಗುವಿಕೆ ತಡೆಯಲು ಇಲ್ಲ.

ಬಾಗುವಿಕೆ ಎಲ್ಲಿಂದ ಬಂತು? ಎರಡು ಕಡೆಯಿಂದ ಬರಬಹುದು. ಬುಷ್ ಹರಿದು ಬಾಲ ಜೋತಾಗ, ಕೈಯ ಭಾರವೂ ಲಿವರ್‌ನ ಅಲುಗಾಟವೂ ಸೇರಿ ಕಿವಿಯನ್ನು ಮೇಲೆ ಕೆಳಗೆ ಮಡಿಸುತ್ತವೆ. ಇನ್ನೊಂದು, ಗೇರ್‌ಬಾಕ್ಸ್ ಮೌಂಟ್, ಅಂದರೆ ಗೇರ್‌ಬಾಕ್ಸ್ ಅನ್ನು ಹೊತ್ತ ರಬ್ಬರ್ ಆಧಾರ. ಕ್ಯಾರಿಯರ್‌ನ ಒಂದು ತುದಿ ಗೇರ್‌ಬಾಕ್ಸ್‌ಗೆ, ಮತ್ತೊಂದು ಬಾಡಿಗೆ. ಮೌಂಟ್ ಸತ್ತಿದ್ದರೆ ಪ್ರತಿ ಸಲ ಆಕ್ಸಿಲರೇಟರ್ ಒತ್ತಿದಾಗಲೂ ಗೇರ್‌ಬಾಕ್ಸ್ ತಿರುಚಿಕೊಳ್ಳುತ್ತದೆ, ನಡುವೆ ಸಿಕ್ಕ ಕ್ಯಾರಿಯರ್ ಆ ತಿರುಚನ್ನು ನುಂಗಬೇಕು. ನಿಮ್ಮ ಲಿವರ್ ತಾನಾಗಿ ವಾಲುತ್ತದೆ ಎಂದರೆ ನನ್ನ ಅನುಮಾನ ಮೌಂಟ್ ಮೇಲೇ.

ಹೀಗೆ ನೋಡಿ: ಇಂಜಿನ್ ಆಫ್, ಕಾರು ಸ್ಟ್ಯಾಂಡ್ ಮೇಲೆ. ಒಬ್ಬರು ಒಳಗೆ ಕೂತು ಗೇರ್ ಹಾಕಿ ತೆಗೆಯಲಿ, ನೀವು ಕೆಳಗಿಂದ ನೋಡಿ. ರಾಡ್ ಚಲಿಸುವ ಮೊದಲೇ ಕ್ಯಾರಿಯರ್ ಚಲಿಸಿದರೆ ಮುಂದಿನ ಬುಷ್ ಅಥವಾ ಕಿವಿ ಹೋಗಿದೆ. ಕ್ಯಾರಿಯರ್ ನಿಂತಿದ್ದು ಲಿವರ್‌ನ ತುದಿ ಆಡಿ ರಾಡ್ ತಡವಾಗಿ ಹೊರಟರೆ, ರಾಡಿನ ಎರಡು ತುದಿಯ ಹಳದಿ ಪ್ಲಾಸ್ಟಿಕ್ ವಾಷರ್‌ಗಳು ಸವೆದಿವೆ. ಆಮೇಲೆ ಗೇರ್‌ಬಾಕ್ಸ್‌ನ ಹಿಂಭಾಗವನ್ನು ಕಟ್ಟಿಗೆಯಿಂದ ಮೀಟಿ: ರಬ್ಬರ್‌ಗೂ ಲೋಹಕ್ಕೂ ನಡುವೆ ಬಿರುಕು ತೆರೆದುಕೊಂಡರೆ ಎರಡೂ ಮೌಂಟ್ ಬದಲಿಸಿ. ಒಂದನ್ನೇ ಬದಲಿಸಿದರೆ ಗೇರ್‌ಬಾಕ್ಸ್ ಓರೆಯಾಗಿ ಕೂರುತ್ತದೆ.

ಸರ್ಕ್ಲಿಪ್_ಹುಡುಕುವವ

ಮೇಲಿನವರು ಹೇಳಿದ ಕಾರಣವನ್ನು ಒಪ್ಪುತ್ತೇನೆ. ಬಿಚ್ಚುವ ಬಗೆ ಹೇಳುತ್ತೇನೆ, ಏಕೆಂದರೆ ಹಿಂದಿನ ಬುಷ್ ಬದಲಿಸುವುದು ಸುಲಭ, ಮುಂದಿನ ಪಿನ್ ತಲುಪುವುದೇ ಕಷ್ಟ.

ಒಳಗಿನಿಂದ ಶುರು. ನಾಬ್‌ಗೆ ಥ್ರೆಡ್ ಇಲ್ಲ, ನೇರ ಮೇಲಕ್ಕೆ ಎಳೆಯಬೇಕು. ಬಿಗಿಯಾಗಿರುತ್ತದೆ, ಥಟ್ಟನೆ ಬಂದು ಮುಖಕ್ಕೆ ಬಡಿಯುತ್ತದೆ, ಮುಖ ಪಕ್ಕಕ್ಕಿಟ್ಟುಕೊಳ್ಳಿ. ಚರ್ಮದ ಬೂಟ್, ಅದರ ಕೆಳಗಿನ ಫೋಮ್, ಆಮೇಲೆ ಟನಲ್ ಅಂಚಿಗೆ ಕಚ್ಚಿರುವ ದಪ್ಪ ರಬ್ಬರ್ ಬೂಟ್. ಆ ರಬ್ಬರ್ ಹರಿದಿದ್ದರೆ ಅದೂ ಹೊಸದು ಬೇಕು; ಬಿಸಿಗಾಳಿ, ಸದ್ದು, ಧೂಳು ಎಲ್ಲ ಅಲ್ಲಿಂದಲೇ ಒಳಗೆ ಬರುವುದು.

ಈಗ ಕೆಳಗೆ. ಸೈಲೆನ್ಸರ್ ಪೈಪ್ ಇಳಿಸಿ, ಹೀಟ್ ಶೀಲ್ಡ್ ತೆಗೆಯಿರಿ. ಪ್ರೊಪೆಲ್ಲರ್ ಶಾಫ್ಟ್ ಫ್ಲೇಂಜ್‌ಗೂ ಕಪ್ಲಿಂಗ್‌ಗೂ ಅಡ್ಡ ಒಂದು ಪೇಂಟ್ ಗೆರೆ ಎಳೆದುಕೊಳ್ಳಿ, ಮತ್ತೆ ಅದೇ ಜಾಗದಲ್ಲಿ ಕೂರಿಸಲು. ಕಪ್ಲಿಂಗ್ ಬಿಚ್ಚುವಾಗಲೂ ಬಿಗಿಯುವಾಗಲೂ ಬೋಲ್ಟ್ ಅನ್ನು ಅಲ್ಲಾಡದಂತೆ ಹಿಡಿದು ನಟ್ ಮಾತ್ರ ತಿರುಗಿಸಿ. ಬೋಲ್ಟ್ ತಿರುಗಿಸಿದರೆ ರಬ್ಬರ್ ತಿರುಚಿಕೊಂಡು ಬೇಗ ಸೀಳುತ್ತದೆ. ಲಾಕ್ ನಟ್‌ಗಳು ಹೊಸವೇ ಇರಲಿ. ಶಾಫ್ಟ್‌ನ ನಡುವಿನ ಬೇರಿಂಗ್‌ನ ನಟ್ ಸಡಿಲಿಸಿದರೆ, ವಾಪಸ್ ಹಾಕುವಾಗ ಬೇರಿಂಗ್ ಮನೆಯನ್ನು ಮುಂದಕ್ಕೆ 4ರಿಂದ 6 ಮಿ.ಮೀ. ತಳ್ಳಿ ಬಿಗಿಯಬೇಕು. ಇದನ್ನು ಬಿಟ್ಟವರೇ ಆಮೇಲೆ ಹೊರಡುವಾಗ ನಡುಗುತ್ತದೆ ಎಂದು ದೂರುವುದು.

ಗೇರ್‌ಬಾಕ್ಸ್ ಕೆಳಗೆ ಮರದ ತುಂಡಿಟ್ಟು ಜಾಕ್ ಕೊಡಿ, ಅದನ್ನು ಹೊತ್ತ ಅಡ್ಡಪಟ್ಟಿ (ಕ್ರಾಸ್‌ಮೆಂಬರ್) ತೆಗೆದು ಹಿಂಭಾಗವನ್ನು ನಿಧಾನ ಇಳಿಸಿ. ಇಳಿಸುತ್ತ ಹೋದಂತೆ ಇಂಜಿನ್ ಹಿಂದಕ್ಕೆ ವಾಲುತ್ತದೆ. ಬಾನೆಟ್ ತೆರೆದಿಟ್ಟು, ಇಂಜಿನ್‌ನ ಹಿಂಭಾಗ ಫೈರ್‌ವಾಲ್‌ಗೆ (ಇಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆ) ತಾಗುತ್ತಿದೆಯೇ, ಹೀಟರ್ ಹೋಸ್ ಬಿಗಿದುಕೊಂಡಿದೆಯೇ ಎಂದು ಆಗಾಗ ನೋಡಿ. ಕೈ ಹೋಗುವಷ್ಟು ಜಾಗ ಸಿಕ್ಕರೆ ಸಾಕು.

ಈಗ ಗೇರ್‌ಬಾಕ್ಸ್ ಮೇಲೆ ಪಿನ್ ಸಿಗುತ್ತದೆ. ಅದನ್ನು ಹಿಡಿದಿರುವ ಸ್ಪ್ರಿಂಗ್ ಕ್ಲಿಪ್ ಅನ್ನು ಸ್ಕ್ರೂಡ್ರೈವರ್‌ನಿಂದ ಮೇಲಕ್ಕೆ ಎತ್ತಿ ತಿರುಗಿಸಿ, ಪಿನ್ ಪಕ್ಕಕ್ಕೆ ಎಳೆಯಿರಿ. ಸೆಲೆಕ್ಟರ್ ರಾಡಿನ ಹಿಂದಿನ ತುದಿಯ ಲಾಕ್ ಕ್ಲಿಪ್ ತೆಗೆದು ರಾಡ್ ಬಿಡಿಸಿ. ಈ ಕ್ಲಿಪ್ ಹಾರಿ ಕತ್ತಲೆಯಲ್ಲಿ ಮಾಯವಾಗುತ್ತದೆ, ನನ್ನ ಈ ಹೆಸರು ಸುಮ್ಮನೆ ಬಂದದ್ದಲ್ಲ. ಲಿವರ್‌ನ ಬಾಲ್ ಸುತ್ತ ಇರುವ ಪ್ಲಾಸ್ಟಿಕ್ ಕಪ್ ಅನ್ನು ಕೆಳಗಿಂದ ಎರಡು ಸ್ಕ್ರೂಡ್ರೈವರ್ ತುದಿ ಕೊಟ್ಟು ಎಡಕ್ಕೆ ಕಾಲು ಸುತ್ತು ತಿರುಗಿಸಿದರೆ ಲಿವರ್ ಮೇಲಿನಿಂದ ಹೊರಬರುತ್ತದೆ. ಕೊನೆಗೆ ಬಾಲವನ್ನು ಹಿಂದಿನ ಬುಷ್‌ನಿಂದ ಮೀಟಿ, ಕ್ಯಾರಿಯರ್ ಇಳಿಸಿ.

ಕೈಯಲ್ಲಿ ಇರಬೇಕಾದ ಭಾಗಗಳು: ಕ್ಯಾರಿಯರ್, ಹಿಂದಿನ ಬುಷ್ 1, ಮುಂದಿನ ಬುಷ್ 2, ಪಿನ್ ಮತ್ತು ಕ್ಲಿಪ್, ಲಿವರ್ ಬಾಲ್ ಕಪ್, ರಾಡಿನ ಎರಡೂ ತುದಿಗೆ ವಾಷರ್ ಮತ್ತು ಲಾಕ್ ಕ್ಲಿಪ್, ಗೇರ್‌ಬಾಕ್ಸ್ ಮೌಂಟ್ 2, ಕಪ್ಲಿಂಗ್ ನಟ್‌ಗಳು. ಇಷ್ಟು ಬಿಚ್ಚಿದ ಮೇಲೆ ಹಳೆ ವಾಷರ್ ಉಳಿಸುವುದು ಜಿಪುಣತನ. ಅದೇ ತಲೆಮಾರಿನ 3 ಸರಣಿಯ ಇ36 ಕಾರಿನದೂ ಇದೇ ಬಗೆಯ ಜೋಡಣೆ, ಬಳಸಿದ ಭಾಗ ಹುಡುಕುವಾಗ ಅಲ್ಲೂ ನೋಡಿ. ಆದರೆ ಗೇರ್‌ಬಾಕ್ಸ್‌ಗೆ ತಕ್ಕಂತೆ ಕ್ಯಾರಿಯರ್‌ನ ಉದ್ದ ಬದಲಾಗಬಹುದು. ಪಿನ್ ರಂಧ್ರದಿಂದ ಬಾಲ್ ಮನೆಯ ಮಧ್ಯದವರೆಗೆ ಅಳೆದು ಹೋಲಿಸದೆ ಕೊಳ್ಳಬೇಡಿ.

ಟಿಗ್_ಟಾರ್ಚ್

ವೆಲ್ಡಿಂಗ್ ಪ್ರಶ್ನೆಗೆ: ಆಗುತ್ತದೆ, ಆದರೆ ಬೇರೆ ಕ್ಯಾರಿಯರ್ ಸಿಗುವುದಾದರೆ ಅದು ಎರಡನೇ ಆಯ್ಕೆ.

ಇದು ಎರಕದ ಅಲ್ಯೂಮಿನಿಯಂ. ವರ್ಷಗಟ್ಟಲೆ ಗೇರ್ ಆಯಿಲ್ ಕುಡಿದಿರುತ್ತದೆ. ಬಿರುಕಿನ ಒಳಗಿನ ಆಯಿಲ್ ಹೋಗದೆ ಆರ್ಕ್ ಹೊಡೆದರೆ ಕಪ್ಪು ನೊರೆ ಎದ್ದು ವೆಲ್ಡ್ ತುಂಬ ಗುಳ್ಳೆ. ಡಿಗ್ರೀಸರ್‌ನಲ್ಲಿ ತೊಳೆದು, ಬಿಸಿ ಮಾಡಿ, ಹೊರಬಂದ ಜಿಡ್ಡನ್ನು ಅಸಿಟೋನ್‌ನಿಂದ ಒರೆಸಿ, ಮತ್ತೆ ಬಿಸಿ ಮಾಡಿ. ಬಟ್ಟೆಗೆ ಕಂದು ಬಣ್ಣ ಹತ್ತದಾಗುವವರೆಗೆ ಇದೇ ಕೆಲಸ. ಒರೆಸುವಾಗ ಲೋಹ ತಣ್ಣಗಾಗಿರಲಿ, ಅಸಿಟೋನ್‌ಗೆ ಬೇಗ ಬೆಂಕಿ ಹತ್ತುತ್ತದೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಮಾತ್ರ ವೆಲ್ಡ್ ಮಾಡುವ ಭಾಗದ ಹತ್ತಿರಕ್ಕೂ ತರಬೇಡಿ. ಆರ್ಕ್‌ನ ಬಿಸಿಗೆ ಅದರಿಂದ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು.

ಬಿರುಕಿನ ತುದಿ ಹುಡುಕಲು ಡೈ ಪೆನೆಟ್ರಂಟ್ (ಬಿರುಕಿಗೆ ಇಳಿದು ಅದನ್ನು ತೋರಿಸುವ ಬಣ್ಣದ ದ್ರವ) ಬಳಸಿ, ಕಣ್ಣಿಗೆ ಕಾಣುವುದಕ್ಕಿಂತ ಅದು ಮುಂದೆ ಹೋಗಿರುತ್ತದೆ. ತುದಿಯಲ್ಲಿ 3 ಮಿ.ಮೀ. ರಂಧ್ರ ಕೊರೆದು ನಿಲ್ಲಿಸಿ, ಉದ್ದಕ್ಕೂ ಸುಮಾರು 60 ಡಿಗ್ರಿಯ ವಿ ಆಕಾರದ ಕಾಲುವೆ ತೆಗೆಯಿರಿ. ಗ್ರೈಂಡಿಂಗ್ ಕಲ್ಲು ಬೇಡ, ಕಾರ್ಬೈಡ್ ಬರ್ ಸಾಕು. ಕಲ್ಲಿನ ಪುಡಿ ಅಲ್ಯೂಮಿನಿಯಂ ಒಳಗೆ ಹುದುಗುತ್ತದೆ. ಕಿವಿಗಳು ಒಂದರ ಎದುರು ಒಂದು ಸಾಲಾಗಿ ನಿಲ್ಲಬೇಕಾದ್ದರಿಂದ, ಪಿನ್ ದಪ್ಪದ ಸ್ಟೀಲ್ ಕಡ್ಡಿಯನ್ನು ಎರಡರಲ್ಲೂ ತೂರಿಸಿ ಬಿಗಿದೇ ವೆಲ್ಡ್ ಮಾಡಿ. ಮುಂಚೆಯೇ ಸುಮಾರು 150 ಡಿಗ್ರಿಗೆ ಬಿಸಿ, ಎಸಿ ಕರೆಂಟಿನ ಟಿಗ್ ವೆಲ್ಡಿಂಗ್, 4043 ಎಂಬ ಅಲ್ಯೂಮಿನಿಯಂ ವೆಲ್ಡಿಂಗ್ ರಾಡ್, ಆಮೇಲೆ ಕಂಬಳಿಯಲ್ಲಿ ಸುತ್ತಿ ನಿಧಾನ ತಣಿಸುವುದು. ರಬ್ಬರ್ ಬುಷ್‌ಗಳನ್ನು ಮೊದಲೇ ತೆಗೆದಿರಬೇಕು ಎಂದು ಹೇಳಬೇಕಿಲ್ಲ ಅಂದುಕೊಂಡಿದ್ದೇನೆ.

ವೆಲ್ಡ್ ಮಾಡಿದ ಕಿವಿ ದಪ್ಪವಾಗುತ್ತದೆ. ಪ್ರೊಪೆಲ್ಲರ್ ಶಾಫ್ಟ್ ಕಡೆ ಉಬ್ಬಿದ್ದನ್ನು ಅರದಿಂದ ಸವರಿ ಮೊದಲಿನ ಅಳತೆಗೆ ತನ್ನಿ. ಎರಡೂ ಕಡೆ ಸ್ಟೀಲ್ ಪಟ್ಟಿ ಕೊಟ್ಟು ಎಂ6 ಬೋಲ್ಟ್ ಹಾಕುವವರಿದ್ದಾರೆ. ಅಲ್ಲಿ ಅಷ್ಟು ಜಾಗವಿಲ್ಲ, ರಂಧ್ರ ಕೊರೆದಷ್ಟೂ ಕಿವಿ ತೆಳುವಾಗುತ್ತದೆ.

ಹಳೇ_ರೋಡ್‌ಸ್ಟರ್

ತುಂಬ ಉಪಕಾರ. ಕಟ್ಟಿಗೆಯಿಂದ ಮೀಟಿ ನೋಡಿದೆ: ಎಡಗಡೆಯ ಮೌಂಟ್ ಲೋಹದಿಂದ ಬಿಟ್ಟುಕೊಂಡಿದೆ, ಬಲಗಡೆಯದು ಆಯಿಲ್‌ನಿಂದ ಊದಿಕೊಂಡು ಮೆತ್ತಗಾಗಿದೆ. ಗೇರ್‌ಬಾಕ್ಸ್‌ನ ಹಿಂಭಾಗವೂ ಒದ್ದೆ. ವೆಲ್ಡ್ ಬಿಟ್ಟು ಬಳಸಿದ ಕ್ಯಾರಿಯರ್ ಹಾಕುತ್ತೇನೆ. ಆದರೆ ಪಾಲಿಯುರಿಥೇನ್ ಬಗ್ಗೆ ಯಾರೂ ಹೇಳಲಿಲ್ಲ.

ಟಾರ್ಕ್‌ರೆಂಚ್

ಹಿಂದಿನ ಬುಷ್ ರಬ್ಬರ್‌ನದೇ ಇರಲಿ. ಗೇರ್‌ಬಾಕ್ಸ್ ಮೌಂಟ್ ಮೆತ್ತಗೆ, ಹಿಂದಿನ ಬುಷ್ ಗಟ್ಟಿ ಎಂದಾದರೆ ಗೇರ್‌ಬಾಕ್ಸ್‌ನ ಅಲುಗಾಟವೆಲ್ಲ ಕಿವಿಯನ್ನು ಬಾಗಿಸುವುದಕ್ಕೇ ಹೋಗುತ್ತದೆ. ಲಿವರ್‌ಗೆ ನಡುಕವೂ ಬರುತ್ತದೆ. ಗಟ್ಟಿ ಬೇಕೆಂದರೆ ಮುಂದಿನ ಎರಡು ಬುಷ್ ಗಟ್ಟಿ ಹಾಕಿ: ಅವುಗಳ ಎರಡೂ ಬದಿ ಗೇರ್‌ಬಾಕ್ಸ್ ಜೊತೆಗೇ ಚಲಿಸುತ್ತವೆ, ಆದ್ದರಿಂದ ತೊಂದರೆಯಿಲ್ಲ, ಗೇರ್ ಬೀಳುವುದೂ ಚುರುಕಾಗುತ್ತದೆ.

ಗೇರ್‌ಬಾಕ್ಸ್‌ನ ಹಿಂಭಾಗ ಒದ್ದೆ ಎಂದಿರಿ. ಸೆಲೆಕ್ಟರ್ ಶಾಫ್ಟ್ ಹೊರಬರುವಲ್ಲಿನ ಆಯಿಲ್ ಸೀಲ್, ಔಟ್‌ಪುಟ್ ಸೀಲ್ ಎರಡನ್ನೂ ನೋಡಿ. ಹೊಸ ಮೌಂಟ್ ಮೇಲೆ ಆಯಿಲ್ ಸುರಿಯುತ್ತಿದ್ದರೆ ಅದೂ ಹೀಗೇ ಊದುತ್ತದೆ. ಸೆಲೆಕ್ಟರ್ ಸೀಲ್ ಬದಲಿಸಲು ರಾಡನ್ನು ಶಾಫ್ಟ್‌ಗೆ ಸೇರಿಸುವ ಜಾಯಿಂಟ್ ತೆಗೆಯಬೇಕು: ಸ್ಪ್ರಿಂಗ್ ಕಾಲರ್ ಸರಿಸಿ, ಡವೆಲ್ ಪಿನ್ ಹೊರಗೆ ತಟ್ಟಿ. ಹಳೆ ಸೀಲ್ ಮೀಟುವಾಗ ಶಾಫ್ಟ್ ಮೇಲೆ ಗೀರು ಬಿದ್ದರೆ ಹೊಸ ಸೀಲೂ ಸೋರುತ್ತದೆ. ಆಯಿಲ್ ಬದಲಿಸುವುದಾದರೆ ಫಿಲ್ಲರ್ ಪ್ಲಗ್ ಬಿಚ್ಚುತ್ತದೆಯೇ ಎಂದು ಮೊದಲು ಖಚಿತ ಮಾಡಿಕೊಂಡು ಆಮೇಲೆ ಡ್ರೇನ್ ಪ್ಲಗ್ ತೆಗೆಯಿರಿ. ಯಾವ ಆಯಿಲ್ ಎಂದು ಗೇರ್‌ಬಾಕ್ಸ್ ಮೇಲಿನ ಸ್ಟಿಕರ್ ನೋಡಿ, ಫಿಲ್ಲರ್ ರಂಧ್ರದ ಅಂಚಿಗೆ ಬರುವಷ್ಟು ತುಂಬಿಸಿ.

ಸರ್ಕ್ಲಿಪ್_ಹುಡುಕುವವ

ಜೋಡಿಸುವಾಗಿನ ಕೆಲವು ಮಾತು. ಬುಷ್ ತೂರಿಸಲು ಸೋಪು ನೀರು ಮಾತ್ರ; ಗ್ರೀಸ್, ಆಯಿಲ್ ಸವರಿದರೆ ರಬ್ಬರ್ ಕೆಡುತ್ತದೆ. ಹಿಂದಿನ ಬುಷ್ ಯಾವ ದಿಕ್ಕಿಗೆ ಕೂತಿತ್ತೆಂದು ತೆಗೆಯುವ ಮೊದಲೇ ಫೋಟೊ ಇಟ್ಟುಕೊಳ್ಳಿ. ಹೊಸದರ ತುಟಿ ಗೂಡಿನ ಸುತ್ತ ಪೂರ್ತಿ ಕಚ್ಚಿದೆಯೇ ಎಂದು ಬೆರಳಾಡಿಸಿ. ಅರ್ಧ ಕೂತ ಬುಷ್ ಮೇಲಿನಿಂದ ನೋಡಿದರೆ ಸರಿಯಾಗಿಯೇ ಕಾಣುತ್ತದೆ, ಕೆಲವೇ ದಿನಕ್ಕೆ ಕಳಚಿಕೊಳ್ಳುತ್ತದೆ. ಬಾಲ್ ಕಪ್‌ಗೆ ಗ್ರೀಸ್ ಹಚ್ಚಿ ಕ್ಲಿಕ್ ಎನ್ನುವವರೆಗೆ ಒತ್ತಿ. ಮೌಂಟ್‌ನ ಎಂ8 ನಟ್‌ಗೆ 21 ನ್ಯೂಟನ್ ಮೀಟರ್ ಸಾಕು, ಹೆಚ್ಚು ಬಿಗಿದರೆ ಸ್ಟಡ್ ರಬ್ಬರ್ ಒಳಗೇ ತಿರುಗುತ್ತದೆ.

ಹೀಟ್ ಶೀಲ್ಡ್, ಸೈಲೆನ್ಸರ್ ಕಟ್ಟುವ ಮೊದಲು ಐದೂ ಗೇರ್ ಮತ್ತು ರಿವರ್ಸ್ ಹಾಕಿ ನೋಡಿ. ಲಿವರ್ ಯಾವ ಗೇರಿನಲ್ಲೂ ಟನಲ್ ಅಂಚಿಗೆ ತಾಗಬಾರದು. ನ್ಯೂಟ್ರಲ್‌ನಲ್ಲಿ ಪಕ್ಕಕ್ಕೆ ತಳ್ಳಿ ಬಿಟ್ಟರೆ ಅದು ಮೂರು-ನಾಲ್ಕರ ಸಾಲಿಗೆ ತಾನಾಗಿ ಮರಳಬೇಕು. ಮರಳದಿದ್ದರೆ ಮೊದಲು ರಾಡ್ ಎಲ್ಲಾದರೂ ತಾಗುತ್ತಿದೆಯೇ ನೋಡಿ. ತಾಗುತ್ತಿಲ್ಲವೆಂದರೆ ದೋಷ ಗೇರ್‌ಬಾಕ್ಸ್ ಒಳಗಿನ ಸ್ಪ್ರಿಂಗ್‌ನದು, ಕ್ಯಾರಿಯರ್‌ನದಲ್ಲ.